ಒಂದೇ ಬೆಳಗ್ಗೆ ಗಾಳವೂ ಗಿಡವೂ: ಬೇಸಿಗೆಯಲ್ಲಿ ಕೆರೆಗೆ ಹೋಗುವವರಿಗೆ

ಶಿವರಾತ್ರಿ ಕಳೆದು ಕೆರೆ ನೀರು ಅಂಗಳ ಬಿಟ್ಟು ಏರಿ ಕಡೆ ಸರಿಯಲು ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ಗಿಡ ಪಟ್ಟಿ ಮಾಡೋಕೆ ಹೋದಾಗ ಜೊತೆಗೆ ಗಾಳನೂ ಹಾಕಬಹುದಾ? ಎರಡೂ ಒಂದೇ ದಿನ ಆಗುತ್ತಾ?" ಸಸ್ಯಶಾಸ್ತ್ರ ಓದುವವರೂ ಕೇಳುತ್ತಾರೆ, ಭಾನುವಾರದ ಗಾಳದವರೂ ಕೇಳುತ್ತಾರೆ. ಆಗುತ್ತದೆ. ಆದರೆ ಎರಡನ್ನೂ ಒಂದೇ ಗಂಟೆಯಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದರಲ್ಲಿ ರಾಡ್ ಹಿಡಿದವರ ಪುಸ್ತಕದಲ್ಲಿ ಬರಹವೂ ಇರುವುದಿಲ್ಲ, ಚೀಲದಲ್ಲಿ ಮೀನೂ ಇರುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ವಿಡಿಯೊ ನೋಡಿ "ನಮ್ಮ ಕಡೆ ಬಾಸ್ ಎಲ್ಲಿ ಸಿಗುತ್ತೆ" ಎಂದು ಕೇಳುವವರು ಬಹಳ. ಆ ವಿಡಿಯೊಗಳಲ್ಲಿ ತಾವರೆ ಎಲೆ ಸಂದಿನಿಂದ ಹಾರಿ ಬಾಯಿ ಹಾಕುವ ದೊಡ್ಡಬಾಯಿಯ ಬಾಸ್ ಉತ್ತರ ಅಮೆರಿಕದ ಮೀನು. ಮಂಡ್ಯ, ಮೈಸೂರಿನ ಕೆರೆಗಳಲ್ಲಿ ಅದನ್ನು ಹುಡುಕಬೇಡಿ. ಬಾಸ್ ಕೂರುವಂಥ ಜಾಗದಲ್ಲಿ, ಅಂದರೆ ಕಳೆಯ ಅಂಚಿನಲ್ಲಿ ಹೊಂಚು ಹಾಕಿ, ನಮ್ಮಲ್ಲಿ ಕೂರುವುದು ಕೊರವ. ಮೀನಂಗಡಿಯಲ್ಲಿ ಮುರ್ರೆಲ್ ಎನ್ನುತ್ತಾರೆ, ಊರಿಗೊಂದು ಹೆಸರೂ ಇದೆ. ಆ ವಿಡಿಯೊಗಳ ಕೈಚಳಕ ಬಹುಪಾಲು ಕೊರವಕ್ಕೂ ನಡೆಯುತ್ತದೆ. ಜೊತೆಗೆ ಜಿಲೇಬಿ (ತಿಲಾಪಿಯ ಮೀನು), ಗೆಂಡೆ ಇದ್ದೇ ಇವೆ.

ಒಳ್ಳೆಯ ಕಾಲ ಮಾರ್ಚ್ ನಡುವಿನಿಂದ ಮೇ ಮೊದಲ ವಾರದವರೆಗೆ. ಭರಣಿ ಮಳೆ ಹಿಡಿದ ಮೇಲೆ ನೀರು ಕೆಂಪಾಗುತ್ತದೆ, ಗೆರೆ ಎಳೆದ ಗುರುತೆಲ್ಲ ಮುಳುಗುತ್ತದೆ, ಮಧ್ಯಾಹ್ನದ ಮೇಲೆ ಸಿಡಿಲಿನ ಕಾಟ ಬೇರೆ.

1. ಕೆರೆ ಯಾರದ್ದು ಎಂದು ಕೇಳಿ

ಇದನ್ನು ಬಿಟ್ಟವರೇ ಹೆಚ್ಚು, ಬೈಸಿಕೊಂಡವರೂ ಅವರೇ. ಕೆರೆಯ ನೀರು ಒಬ್ಬರದ್ದು, ಮೀನು ಇನ್ನೊಬ್ಬರದ್ದು. ನೀರು ಮತ್ತು ಏರಿ ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ, ಕಾವೇರಿ ನೀರಾವರಿ ನಿಗಮ ಇವುಗಳಲ್ಲಿ ಯಾವುದರ ಕೈಯಲ್ಲಾದರೂ ಇರಬಹುದು. ಮೀನು ಹಿಡಿಯುವ ಹಕ್ಕು ಮಾತ್ರ ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಕೂಗಿದವರಿಗೋ ಹೋಗಿರುತ್ತದೆ. ಅವರು ದುಡ್ಡು ಹಾಕಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿರುತ್ತಾರೆ. ನಿಮ್ಮ ಗಾಳಕ್ಕೆ ಬಿದ್ದ ಕಾಟ್ಲಾ ಅವರ ಬಂಡವಾಳ.

ಆದ್ದರಿಂದ ಮೊದಲು ಹುಡುಕಬೇಕಾದವರು ನೀರುಗಂಟಿ. ತೂಬು ಎತ್ತುವುದು, ಗದ್ದೆಗೆ ನೀರು ಹಾಯಿಸುವುದು ಅವರ ಕೆಲಸ. ಕೆರೆಯಲ್ಲಿ ಎಲ್ಲಿ ಆಳ, ಎಲ್ಲಿ ಹೂಳು, ಯಾರು ಟೆಂಡರ್ ತೆಗೆದಿದ್ದಾರೆ ಎಲ್ಲವೂ ಅವರ ಬಾಯಲ್ಲೇ ಇರುತ್ತದೆ. ಅವರು ಹೇಳಿದವರ ಹತ್ತಿರ ಹೋಗಿ, "ಅಣ್ಣಾ, ಕೆರೆ ಗಿಡ ಬರ್ಕೊಳಕ್ಕೆ ಬಂದಿದ್ದೀವಿ, ಒಂದೆರಡು ಗಂಟೆ ಗಾಳ ಹಾಕ್ಲಾ? ನೀವು ಬಿಟ್ಟಿರೋ ಮೀನು ಸಿಕ್ರೆ ವಾಪಸ್ ಬಿಡ್ತೀವಿ" ಎಂದು ಕೇಳಿ. ಮುಕ್ಕಾಲು ಪಾಲು ಜನ ಒಪ್ಪುತ್ತಾರೆ, ಯಾಕೆಂದರೆ ಬಿಟ್ಟ ಮರಿಯನ್ನು ತಿನ್ನುವ ಕೊರವವನ್ನು ಕಂಡರೆ ಅವರಿಗೂ ಆಗದು. ಕಾವಲುಗಾರ ಹೂಂ ಅಂದ ಮಾತ್ರಕ್ಕೆ ನಂಬಬೇಡಿ. ನಾನು ಹಾಗೆ ನಂಬಿ ಕೂತು, ಒಂಬತ್ತು ಗಂಟೆಗೆ ಟೆಂಡರಿನವರು ಬಂದು ಎಬ್ಬಿಸಿದಾಗ ಗಿಡದ ಕೆಲಸವನ್ನೂ ಬಿಟ್ಟು ಎದ್ದು ಬಂದಿದ್ದೇನೆ.

ಗಾಳವನ್ನು ಚೀಲದಿಂದ ಹೊರಗೇ ತೆಗೆಯಬಾರದ ಜಾಗಗಳಿವೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿದೆ. ರಾಮ್‌ಸಾರ್ ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಒಪ್ಪಂದ. ಮುತ್ತತ್ತಿ ಕಡೆಯ ಕಾವೇರಿ ವನ್ಯಜೀವಿ ಧಾಮವೂ ಹಾಗೆಯೇ; ಅಲ್ಲಿನ ಮಹಶೀರ್ ಅಳಿವಿನ ಅಂಚಿನ ಮೀನು. ಮೈಸೂರು ನಗರದ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಲ್ಲಿ ಗಿಡ, ಹಕ್ಕಿ ನೋಡಿ, ಗಾಳ ಮನೆಯಲ್ಲಿರಲಿ. ಕೊಕ್ಕರೆ ಬೆಳ್ಳೂರಿನ ಸುತ್ತ ಬೇಸಿಗೆಯೆಂದರೆ ಹೆಜ್ಜಾರ್ಲೆಗಳು ಮರಿಗೆ ಉಣಿಸುವ ಕಾಲ. ಅವುಗಳ ಜೊತೆ ಪೈಪೋಟಿಗೆ ಇಳಿಯುವುದು ಸರಿಯಲ್ಲ. ಜಲಾಶಯಗಳಲ್ಲಾದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಗಿಡ ಕೀಳುವುದಕ್ಕೂ ಪಂಚಾಯಿತಿಗೆ ಒಂದು ಮಾತು ಹೇಳಿರಿ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ನಿಮ್ಮ ಪಟ್ಟಿಯ ಒಂದು ಪ್ರತಿ ಅವರ ದಾಖಲಾತಿ ಪುಸ್ತಕಕ್ಕೂ ಸಲ್ಲುತ್ತದೆ.

2. ಸಾಮಾನು

ಎರಡು ಚೀಲ, ಬೇರೆ ಬೇರೆ. ಗಿಡದ ಚೀಲದಲ್ಲಿ ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲ್, 30 ಮೀಟರ್ ಅಳತೆ ಟೇಪು, ಹಳೆಯ ದಿನಪತ್ರಿಕೆ, ಜಿಪ್ ಕವರು, ಕೈಮಸೂರ, ಒಂದು ಅಗಲ ತಟ್ಟೆ. ಪೆನ್ನು ಬೇಡ, ಒದ್ದೆಯಾದ ಚೀಟಿಯಲ್ಲಿ ಉಳಿಯುವುದು ಪೆನ್ಸಿಲ್ ಗೀರು ಮಾತ್ರ.

ಗಾಳದ ಚೀಲಕ್ಕೆ 7 ಅಡಿಯ ಸ್ವಲ್ಪ ಬಿರುಸಾದ ರಾಡ್, ರೀಲು, 30ರಿಂದ 40 ಪೌಂಡ್ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಸಾದಾ ತಂಗೂಸು ಕಳೆಯ ರಾಶಿಯಿಂದ ಕೊರವವನ್ನು ಎಳೆಯುವಾಗ ಕೈಕೊಡುತ್ತದೆ. ಎರಡು ರಬ್ಬರ್ ಕಪ್ಪೆ ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಮುಳ್ಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವಂಥವು. ಎಲೆಗೆ ಸಿಕ್ಕಿಕೊಳ್ಳದೆ ಜಾರುತ್ತವೆ. ಇಕ್ಕಳ ಮರೆಯಬೇಡಿ, ಕೊರವದ ಬಾಯಿಗೆ ಬೆರಳು ಹಾಕಿದವರು ಎರಡನೇ ಸಲ ಹಾಕುವುದಿಲ್ಲ. ಜಿಲೇಬಿಗೆ ಬಿದಿರಿನ ಕೋಲು, ಬೆಂಡು, ಎರೆಹುಳು ಸಾಕು. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಬೇಡಿ. ಗೊಂಕರುಗಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಇಲ್ಲದಿದ್ದರೂ ಅದು ನೋಡುವಂಥ ಕೆಲಸವಲ್ಲ.

3. ಹಿಂದಿನ ಸಂಜೆಯೇ ಗೆರೆ ಹಾಕಿ ಬನ್ನಿ

ಇಡೀ ಕೆರೆ ಸುತ್ತುವ ಆಸೆ ಬಿಡಿ. ನೂರು ಮೀಟರ್ ದಡ ಒಂದು ಬೆಳಗ್ಗೆಗೆ ಧಾರಾಳ. ಕೋಡಿಯ ಹತ್ತಿರ ಬೇಡ, ತೂಬಿನ ಹತ್ತಿರವಂತೂ ಬೇಡವೇ ಬೇಡ. ಏರಿಗೆ ಎದುರು ದಿಕ್ಕಿನ ಇಳಿಜಾರು ಅಂಗಳ ಒಳ್ಳೆಯದು. ಅಲ್ಲಿ ಒಣ ನೆಲದಿಂದ ನೀರಿನ ಕಡೆಗೆ ಮೂರು ಕಡ್ಡಿ ನೆಟ್ಟು ಒಂದು ನೇರ ಗೆರೆ ಮಾಡಿ. ಗೆರೆ ಗಣತಿ ಎನ್ನುವುದು ಇದನ್ನೇ: ಗೆರೆಯುದ್ದಕ್ಕೂ ಎಷ್ಟು ದೂರಕ್ಕೆ ಯಾವ ಗಿಡ ಎಂದು ಬರೆಯುವುದು.

ನಾಲೆಯ ನೀರು ಬೀಳುವ ಕೆರೆಯಾದರೆ ಎಚ್ಚರ. ವಿಶ್ವೇಶ್ವರಯ್ಯ ನಾಲೆಗೆ ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುತ್ತಾರೆ. ನೀರು ಬಿಟ್ಟ ರಾತ್ರಿ ನಿಮ್ಮ ಕಡ್ಡಿ ಮೊಣಕಾಲುದ್ದ ನೀರೊಳಗೆ ಇರುತ್ತದೆ. ನೀರುಗಂಟಿಯನ್ನು ಕೇಳಿಕೊಂಡೇ ದಿನ ಗೊತ್ತು ಮಾಡಿ. ನಾಗಮಂಗಲ ಕಡೆಯ ಮಳೆಯಾಶ್ರಿತ ಕೆರೆಗಳಲ್ಲಿ ಈ ತಾಪತ್ರಯ ಇಲ್ಲ, ಆದರೆ ಏಪ್ರಿಲ್ ಹೊತ್ತಿಗೆ ಕೆರೆಯೇ ಇಲ್ಲದಿರಬಹುದು.

ಸಂಜೆ ಬೆಳಕಲ್ಲಿ ಇನ್ನೊಂದು ಕೆಲಸ. ನೀರು ಸರಿದ ಕೆಸರಿನ ಮೇಲೆ ಊಟದ ತಟ್ಟೆ ಒತ್ತಿ ತೆಗೆದಂಥ ಗುಂಡನೆಯ ಕುಳಿಗಳು ಸಾಲಾಗಿ ಕಾಣುತ್ತವೆ. ಜಾನುವಾರು ತುಳಿದ ಗುರುತು ಎಂದು ದಾಟಿ ಹೋಗುತ್ತೇವೆ. ಅದು ಗಂಡು ಜಿಲೇಬಿ ಬಾಯಿಯಿಂದ ಮಣ್ಣು ಹೊತ್ತು ತೋಡಿದ ಗೂಡು. ಒಣಗಿದ ಕುಳಿಗಳ ಸಾಲು ಯಾವ ಆಳದಲ್ಲಿತ್ತೋ, ಅದೇ ಆಳದಲ್ಲಿ ಈಗ ನೀರಿರುವ ಕಡೆ ಬೆಳಗ್ಗೆ ಬೆಂಡು ಬಿಡಿ.

ಹೂಳು ತೆಗೆದ, ಇಟ್ಟಿಗೆಗೆ ಮಣ್ಣು ಹೊಡೆದ ಗುಂಡಿಗಳು ಎಲ್ಲಿವೆ ಎಂದೂ ಆಗಲೇ ಕೇಳಿಟ್ಟುಕೊಳ್ಳಿ. ನೀರು ನಿಂತ ಮೇಲೆ ಅವು ಕಾಣುವುದಿಲ್ಲ. ಮೊಣಕಾಲುದ್ದದಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವ ಜಾಗ ಅವು. ಈಜು ಬರುವವರೂ ಕೆಸರಿನಲ್ಲಿ ಕಾಲು ಕಿತ್ತುಕೊಳ್ಳಲಾರರು.

4. ಆರರಿಂದ ಎಂಟೂವರೆ: ಗಾಳ

ಗಾಳ ಯಾಕೆ ಮೊದಲು? ನೀವು ಗೆರೆಯ ಮೇಲೆ ನೀರಿಗಿಳಿದು ನಡೆದ ಮೇಲೆ ಕೆಸರು ಎದ್ದು ಆ ದಡದಲ್ಲಿ ಮಧ್ಯಾಹ್ನದವರೆಗೆ ಮೀನು ನಿಲ್ಲುವುದಿಲ್ಲ. ಗಿಡಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಕಳೆ ತುಂಬಿದ ಕೆರೆಯಲ್ಲಿ ಹಗಲು ನೀರೊಳಗಿನ ಗಿಡಗಳು ಆಮ್ಲಜನಕ ಬಿಡುತ್ತವೆ, ರಾತ್ರಿ ಅವೂ ಉಸಿರಾಡಿ ಅದನ್ನು ಎಳೆದುಕೊಳ್ಳುತ್ತವೆ. ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಆಮ್ಲಜನಕ ಅತಿ ಕಡಿಮೆ, ಅದರಲ್ಲೂ ಬೇಸಿಗೆಯ ಬೆಚ್ಚನೆ ನೀರು ಹಿಡಿದಿಟ್ಟುಕೊಳ್ಳುವುದೇ ಕಡಿಮೆ. ಆ ಹೊತ್ತಿನಲ್ಲಿ ಕಾಟ್ಲಾ, ರೋಹುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ನೇರವಾಗಿ ಗಾಳಿ ಕುಡಿಯಬಲ್ಲ ಕೊರವಕ್ಕೆ ಏನೂ ಚಿಂತೆಯಿಲ್ಲ. ಸುಸ್ತಾದ ಸಣ್ಣ ಮೀನುಗಳ ನಡುವೆ ಅದು ಬೇಟೆಗೆ ನಿಂತಿರುತ್ತದೆ.

ಕಪ್ಪೆ ಲೂರನ್ನು ತೆರೆದ ನೀರಿಗೆ ಎಸೆಯಬೇಡಿ. ಎಲೆಗಳ ಮೇಲೆಯೇ ಎಸೆದು, ಎಲೆಯಿಂದ ಎಲೆಗೆ ಕುಪ್ಪಳಿಸುವ ಹಾಗೆ ಎಳೆದು, ಅಂಚಿಗೆ ಬಂದಾಗ ಮೂರು ಎಣಿಸುವಷ್ಟು ನಿಲ್ಲಿಸಿ. ಬಾಯಿ ಹಾಕಿದ ಸದ್ದು ಕೇಳಿದೊಡನೆ ಎಳೆಯುವುದು ಎಲ್ಲರೂ ಮಾಡುವ ತಪ್ಪು. ದಾರ ಬಿಗಿಯಾಗುವುದನ್ನು ಕೈ ಹೇಳಲಿ, ಆಮೇಲೆ ಎಳೆಯಿರಿ.

ನೀರ ಮೇಲೆ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಒಂದು ಹಿಡಿ ಮರಿಗಳ ಗುಂಪು ಕುದಿಯುವ ಹಾಗೆ ಮೇಲೆ ಕೆಳಗೆ ಆಗುತ್ತಿದ್ದರೆ, ಅದರ ಅಡಿಯಲ್ಲೇ ಕಾವಲಿಗೆ ದೊಡ್ಡ ಕೊರವ ಇದೆ. ಲೂರ್ ಹಾಕಿದರೆ ಖಂಡಿತ ಹೊಡೆಯುತ್ತದೆ, ಹಸಿವಿಗಲ್ಲ, ಸಿಟ್ಟಿಗೆ. ಅದಕ್ಕೆ ಗಾಳ ಹಾಕಬೇಡಿ. ಕಾವಲು ಹೋದ ಮರಿಗಳನ್ನು ಗೆಂಡೆ, ಜಿಲೇಬಿಗಳು ನುಂಗಿ ಹಾಕುತ್ತವೆ.

ಆಫ್ರಿಕನ್ ಕ್ಯಾಟ್‌ಫಿಶ್ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ, ಇನ್ನೊಂದು ಕೆರೆಗಂತೂ ಒಯ್ಯಲೇಬೇಡಿ. ಅದರ ಸಾಕಣೆಗೇ ನಿಷೇಧವಿದೆ.

5. ಲೂರಿಗೆ ಸಿಕ್ಕ ‘ಪಾಚಿ’ಯನ್ನು ಎಸೆಯಬೇಡಿ

ನನ್ನ ಮಟ್ಟಿಗೆ ಇಡೀ ಬೆಳಗಿನ ಲಾಭ ಇರುವುದು ಇಲ್ಲಿ. ಗಾಳದವರು ದಿನಕ್ಕೆ ನಲವತ್ತು ಸಲ ಲೂರಿನಿಂದ ಹಸಿರು ಕಿತ್ತು ದಡಕ್ಕೆ ಬಿಸಾಡುತ್ತಾರೆ. ನೀರೊಳಗಿನ ಗಿಡದ ಮಾದರಿಗಾಗಿ ಸಸ್ಯದವರು ದೋಣಿ ಹುಡುಕುತ್ತಾರೆ. ಇಪ್ಪತ್ತು ಮೀಟರ್ ಆಚೆಯ ಗಿಡ ನಿಮ್ಮ ಕೈಗೇ ಬಂದಿದೆ. ಪ್ರತಿ ಜಾಗದ ಮೊದಲ ಜೊಂಪೆಯನ್ನು ಜಿಪ್ ಕವರಿಗೆ ಹಾಕಿ, ಯಾವ ಕಡ್ಡಿಯ ನೇರಕ್ಕೆ, ಸುಮಾರು ಎಷ್ಟು ದೂರ ಎಂದು ಚೀಟಿ ಬರೆದು ಒಳಗಿಡಿ. ಬರೆಯುವ ಕೆಲಸ ಅಷ್ಟೇ, ಹೆಸರು ಆಮೇಲೆ.

ಹಳ್ಳಿಯಲ್ಲಿ ಎಲ್ಲದಕ್ಕೂ ಪಾಚಿ ಎಂದೇ ಹೆಸರು. ಪುಸ್ತಕದಲ್ಲೂ ಹಾಗೇ ಬರೆದರೆ ಒಂದು ವಾರ ಆದಮೇಲೆ ನಿಮಗೇ ಅರ್ಥವಾಗದು. ನೀರು ತುಂಬಿದ ತಟ್ಟೆಯಲ್ಲಿ ಬಿಡಿಸಿ ನೋಡಿ. ಕಾಂಡದ ಸುತ್ತ ನಾಲ್ಕರಿಂದ ಎಂಟು ಎಲೆಗಳ ಸುತ್ತು, ಬೆರಳ ಸಂದಿನಲ್ಲಿ ಎಳೆದರೆ ಗರಗಸದಂತೆ ತರಿತರಿ ಎಂದರೆ ಹೈಡ್ರಿಲ್ಲಾ. ಎಲೆಯೇ ಕವಲು ಕವಲಾಗಿ ಕವಣೆ ಕೋಲಿನ ಹಾಗಿದ್ದು, ಬೇರೇ ಇಲ್ಲದಿದ್ದರೆ ಸೆರಾಟೊಫಿಲಂ. ರಿಬ್ಬನ್ನಿನಂಥ ಉದ್ದ ಎಲೆ, ಹೂವಿನ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ್ದರೆ ವ್ಯಾಲಿಸ್ನೇರಿಯ. ಮುಟ್ಟಿದರೆ ಮರಳು ಮರಳು, ಮೂಗಿಗೆ ಹಳಸಿದ ಬೆಳ್ಳುಳ್ಳಿಯ ವಾಸನೆ ಹೊಡೆದರೆ ಅದು ಕೇರಾ. ನೋಡಲು ಗಿಡ, ಜಾತಿಯಲ್ಲಿ ಮಾತ್ರ ನಿಜಕ್ಕೂ ಪಾಚಿಯೇ.

ಒಂದು ಮಿತಿ ನೆನಪಿರಲಿ. ಲೂರಿಗೆ ಕವಲೊಡೆದ ಗಿಡ ಬೇಗ ಸಿಕ್ಕುತ್ತದೆ, ರಿಬ್ಬನ್ ಎಲೆ ಜಾರಿಹೋಗುತ್ತದೆ. ಆದ್ದರಿಂದ "ಇಲ್ಲಿ ಹೈಡ್ರಿಲ್ಲಾ ಇದೆ" ಎಂದು ಬರೆಯಬಹುದು, "ಇಲ್ಲಿ ಹೈಡ್ರಿಲ್ಲಾವೇ ಹೆಚ್ಚು" ಎಂದು ಬರೆಯುವ ಹಾಗಿಲ್ಲ. ಹೆಚ್ಚು ಕಡಿಮೆ ತಿಳಿಯಬೇಕಾದರೆ ಎರಡು ಹಲ್ಲುಕುಂಟೆಯ ತಲೆಗಳನ್ನು ಬೆನ್ನಿಗೆ ಬೆನ್ನು ಕಟ್ಟಿ, ಹಗ್ಗ ಬಿಗಿದು, ಒಂದೇ ದೂರಕ್ಕೆ ಐದು ಸಲ ಎಸೆದು ಎಳೆಯಿರಿ.

6. ಎಂಟೂವರೆಯಿಂದ ಹನ್ನೊಂದು: ಗೆರೆಯ ಮೇಲೆ ನಡಿಗೆ

ರಾಡ್ ಬಿಚ್ಚಿ ಚೀಲಕ್ಕೆ ಹಾಕಿ. ‘ಒಂದು ಕಡೆ ಬೆಂಡು ಬಿಟ್ಟಿರಲಿ’ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಕಣ್ಣು ಬೆಂಡಿನ ಮೇಲೇ ಇರುತ್ತದೆ, ಹೆಜ್ಜೆ ಗುಂಡಿಗೆ ಬೀಳುತ್ತದೆ.

ಒಣ ತುದಿಯಿಂದ ಶುರು ಮಾಡಿ. ಬಿರುಕು ಬಿಟ್ಟ ಅಂಗಳದಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬಿರುವ, ಬೂದು ರೋಮದ ಗ್ಲೈನಸ್, ಸುಕ್ಕುಸುಕ್ಕು ಎಲೆಯ ಕೊಲ್ಡೀನಿಯ ಸಿಗುತ್ತವೆ. ಕೆರೆ ತುಂಬಿದಾಗ ಬಂದವರಿಗೆ ಇವು ಕಾಣಲಾರವು, ಬೇಸಿಗೆ ಕೆಲಸದ ವಿಶೇಷವೇ ಇವು. ಮುಂದೆ ಹಸಿ ಕೆಸರಲ್ಲಿ ಒಂದೆಲಗ, ಗರುಗ, ಹೊನಗೊನ್ನೆ. ನೀರಂಚಲ್ಲಿ ಆಪು, ಜೊಂಡು, ನೀರುಕಣಗಿಲೆ. ಆಮೇಲೆ ತಾವರೆ, ನೈದಿಲೆ, ಅಂತರಗಂಗೆ. ಎರಡೆರಡು ಮೀಟರಿಗೆ ನಿಂತು ಗಿಡ, ನೀರಿನ ಆಳ ಎರಡನ್ನೂ ಬರೆಯಿರಿ. ಸೊಂಟದ ಮೇಲೆ ನೀರು ಬಂದರೆ ಗೆರೆ ಅಲ್ಲಿಗೆ ಮುಗಿಯಿತು.

ಎಡವುವ ಜಾಗಗಳು ಮೂರು. ಮೊದಲನೆಯದು ಹೊನಗೊನ್ನೆ. ನಾವು ಪಲ್ಯ, ಬಸ್ಸಾರು ಮಾಡುವ ಹೊನಗೊನ್ನೆಯಲ್ಲಿ ಬಿಳಿ ಹೂಗೊಂಚಲು ಎಲೆ ಬುಡಕ್ಕೇ, ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ. ಅದೇ ಥರದ ಎಲೆ, ಆದರೆ ಹೂಗೊಂಚಲಿಗೆ ಉದ್ದ ತೊಟ್ಟು, ಒತ್ತಿದರೆ ಕೊಳವೆಯ ಹಾಗೆ ಟೊಳ್ಳಾದ ಕಾಂಡ ಎಂದರೆ ಅದು ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ. ಹೂವಿಲ್ಲದ ಗಿಡವನ್ನು ಹೊನಗೊನ್ನೆ ಎಂದು ಧೈರ್ಯವಾಗಿ ಬರೆಯಬೇಡಿ, ಅಡುಗೆಗೂ ಕೀಳಬೇಡಿ; ಚರಂಡಿ ನೀರು ಸೇರುವ ಕೆರೆಯದ್ದಾದರೆ ನಿಜವಾದ ಹೊನಗೊನ್ನೆಯೂ ಬೇಡ.

ಎರಡನೆಯದು ನೈದಿಲೆ. ಕುಮುದ ಚಂದ್ರನಿಗೆ ಅರಳುತ್ತದೆ ಎಂದು ಕವಿಗಳು ಸುಮ್ಮನೆ ಹೇಳಿದ್ದಲ್ಲ. ರಾತ್ರಿ ಅರಳುವ ನೈದಿಲೆ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅದರ ಎಲೆಯಂಚು ಹಲ್ಲುಹಲ್ಲು, ಅಡಿಯಲ್ಲಿ ನವಿರಾದ ರೋಮ. ಹಗಲು ಅರಳುವುದರ ಎಲೆ ಅಡಿಯಲ್ಲಿ ನುಣುಪು. ನೀವು ಎಂಟೂವರೆಗೆ ಪುಸ್ತಕ ತೆಗೆದರೆ ಮೊದಲನೆಯದು ಮೊಗ್ಗೆಂದೇ ದಾಖಲಾಗುತ್ತದೆ. ಅದಕ್ಕೇ ಕೆರೆಗೆ ಬಂದ ತಕ್ಷಣ, ರಾಡ್ ಜೋಡಿಸುವ ಮೊದಲು, ನೈದಿಲೆಯ ಒಂದು ಫೋಟೊ ಹೊಡೆದುಬಿಡಿ. ಗಾಳ ಮೊದಲು ಎಂಬ ನನ್ನ ನಿಯಮಕ್ಕೆ ಇದೊಂದೇ ವಿನಾಯಿತಿ.

ಮೂರನೆಯದು ಹುಲ್ಲು, ಜೊಂಡು. ಕಾಂಡವನ್ನು ಬೆರಳ ಸಂದಿನಲ್ಲಿ ಹೊರಳಿಸಿ. ಮೂರು ಮೂಲೆ ಕೈಗೆ ಸಿಕ್ಕರೆ ಸಾಮಾನ್ಯವಾಗಿ ಕೊನ್ನಾರಿಯ ಕುಟುಂಬ. ದುಂಡಗೆ ಉರುಳಿ, ಗೆಣ್ಣು ಸಿಕ್ಕರೆ ಹುಲ್ಲು. ಆಪಿಗೆ ಈ ಪರೀಕ್ಷೆಯೇ ಬೇಡ, ಕಂದು ಬಣ್ಣದ ದಪ್ಪ ಊದುಬತ್ತಿಯಂಥ ತೆನೆಯೇ ಹೇಳುತ್ತದೆ.

ನೀಲಿ ಹೂವಿನ ಜಲಕುಂಭಿ ಇದ್ದರೆ ಎಲೆಯ ಮೇಲೆ ಉಗುರಿನಿಂದ ಕೆರೆದಂಥ ಸಣ್ಣ ಸಣ್ಣ ಕಂದು ಚುಕ್ಕೆಗಳಿವೆಯೇ ನೋಡಿ. ಜಲಕುಂಭಿಯನ್ನು ಹತ್ತಿಕ್ಕಲೆಂದು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಾಕಿ ಕೆರೆಗಳಿಗೆ ಬಿಟ್ಟ ಮೂತಿಹುಳುಗಳು ಮೇಯ್ದ ಗುರುತು ಅದು. ಚುಕ್ಕೆ ಇದೆ, ಇಲ್ಲ ಎಂದು ಬರೆದರೂ ಒಂದು ಮಾಹಿತಿ.

ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು ಇರಲಿ, ಚಪ್ಪಲಿ ಕೆಸರಿಗೇ ನೈವೇದ್ಯ. ತಾವರೆ ದಂಟಿನ ಮುಳ್ಳು, ಒಡೆದ ಬಾಟಲಿ, ಜಿಗಣೆ ಮೂರೂ ಇರುತ್ತವೆ. ಕಾಲಲ್ಲಿ ಗಾಯವಿದ್ದರೆ ನೀರಿಗಿಳಿಯಬೇಡಿ, ಇಲಿಜ್ವರ ಹರಡುವುದು ಹೀಗೆಯೇ. ನೀರುಹಾವು ಕಚ್ಚಿದರೂ ವಿಷವಿಲ್ಲ. ಭಯಪಡಬೇಕಾದದ್ದು ಏರಿಯ ಕಲ್ಲುಸಂದಿ, ಒಣಹುಲ್ಲಿನಲ್ಲಿ ಮಲಗುವ ಕೊಳಕುಮಂಡಲಕ್ಕೆ. ಕಚ್ಚಿತೆಂದರೆ ಕಟ್ಟು ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಏನೂ ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ. ಕಾವೇರಿ, ಕಬಿನಿಯಲ್ಲಿ ಮೊಸಳೆ ಇವೆ, ಆದ್ದರಿಂದ ಈ ನಡಿಗೆಯ ವಿಧಾನ ಕೆರೆಗೆ ಮಾತ್ರ, ಹೊಳೆಗಲ್ಲ. ಮೋಡ ಗುಡುಗಿದರೆ ಮೊದಲು ಕೆಳಗಿಡಬೇಕಾದದ್ದು ಕಾರ್ಬನ್ ರಾಡ್.

7. ಒತ್ತುವುದು

ನೀರೊಳಗಿನ ಗಿಡ ಗಾಳಿಗೆ ಬಂದ ಹತ್ತು ನಿಮಿಷಕ್ಕೆ ಒದ್ದೆ ದಾರದ ಮುದ್ದೆ. ತಟ್ಟೆಯ ನೀರಲ್ಲಿ ತೇಲಿಸಿ, ಅಡಿಯಿಂದ ಬಿಳಿ ಹಾಳೆ ತೂರಿಸಿ, ಕವಲುಗಳನ್ನು ಕಡ್ಡಿಯಿಂದ ಬಿಡಿಸಿ, ಹಾಳೆಯನ್ನು ಓರೆಯಾಗಿ ಎತ್ತಿ ನೀರು ಇಳಿಸಿ. ಮೇಲೆ ಹಳೆಯ ಪಂಚೆಯ ತುಂಡು ಹಾಕಿ ಆಮೇಲೆ ಪತ್ರಿಕೆ ಮುಚ್ಚಿ. ಪಂಚೆ ಇಲ್ಲದಿದ್ದರೆ ಗಿಡ ಪತ್ರಿಕೆಗೇ ಅಂಟಿ, ಸುದ್ದಿಯೊಂದಿಗೆ ಎದ್ದು ಬರುತ್ತದೆ. ಮೊದಲ ಮೂರು ದಿನ ಬೆಳಗ್ಗೆ ಸಂಜೆ ಪತ್ರಿಕೆ ಬದಲಿಸಿ. ತಾವರೆಯ ದಪ್ಪ ದಂಟನ್ನು ಉದ್ದಕ್ಕೆ ಸೀಳಿ ಒತ್ತಿ. ಹೂವೋ ಕಾಯೋ ಇಲ್ಲದ ಮಾದರಿ ತಂದು ಹೆಸರು ಕೇಳಬೇಡಿ. ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗದವರೂ ಮೊದಲು ಅದನ್ನೇ ಕೇಳುತ್ತಾರೆ.

ಮೀನಿನ ಐಸ್ ಪೆಟ್ಟಿಗೆಯಲ್ಲಿ ಗಿಡದ ಕವರು ಇಡಬೇಡಿ. ನಾನು ಒಮ್ಮೆ ಇಟ್ಟು, ಲೋಳೆ ಹತ್ತಿದ ಹನ್ನೆರಡು ಹಾಳೆಗಳನ್ನು ಇರುವೆಗಳಿಗೆ ಬಿಟ್ಟುಕೊಟ್ಟಿದ್ದೇನೆ.

8. ಹೊರಡುವ ಮುನ್ನ, ಮನೆಗೆ ಬಂದ ಮೇಲೆ

ಮೀನು ಮನೆಯ ಒಂದು ಹೊತ್ತಿನ ಸಾರಿಗೆ ಸಾಕು. ಉಳಿದದ್ದು ನೀರಿಗೆ.

ಹೈಡ್ರಿಲ್ಲಾ ಒಂದು ಗೆಣ್ಣು ಉಳಿದರೂ ಇನ್ನೊಂದು ಕೆರೆಯಲ್ಲಿ ಚಿಗುರುತ್ತದೆ, ನೀರ ಮೇಲೆ ತೇಲುವ ಕಳೆ ಸಾಲ್ವಿನಿಯಾ ಸಣ್ಣ ತುಂಡಿನಿಂದಲೂ ಹಬ್ಬುತ್ತದೆ. ಗಾಳದ ರೀಲು, ಬೂಟಿನ ಹಿಮ್ಮಡಿ, ಕುಂಟೆಯ ಹಲ್ಲು, ಪ್ಯಾಂಟಿನ ಮಡಿಕೆ ಎಲ್ಲವನ್ನೂ ದಡದಲ್ಲೇ ಒದರಿ. ಮನೆಯಲ್ಲಿ ಸಾದಾ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಬೂಟಿನ ಒಳಗೆ ಕೈ ಹಾಕಿ ನೋಡಿ. ಸಾಸಿವೆಕಾಳಿನಷ್ಟು ಹಸಿರು ಎಲೆ ಬೆರಳಿಗೆ ಅಂಟಿ ಬಂದರೆ ಇನ್ನೂ ಒಣಗಿಲ್ಲ. ಮುಂದಿನ ಭಾನುವಾರದೊಳಗೆ ಒಣಗದಿದ್ದರೆ ಅದೇ ಕೆರೆಗೆ ಹೋಗಿ, ಬೇರೆ ಕೆರೆಗೆ ಬೇಡ.